ಪಹಣಿಯಲ್ಲಿರುವ ನಮ್ಮ ಅಜ್ಜ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಚಿನ್ನದ ಗಣಿಯ ಚರಿತ್ರೆ ಕೇಳಿದರೆ ನಮ್ಮ ಮಕ್ಕಳು ಪಟಪಟನೆ ಹೇಳುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, 2001ರಲ್ಲಿ ಗಣಿ ಮುಚ್ಚಿತು. ಆದರೆ "ನಿನ್ನ ಮುತ್ತಜ್ಜ ಯಾವ ಊರಿನವರು? ಯಾವ ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದರು?" ಎಂದು ಕೇಳಿದರೆ ಮೌನ. ಗಣಿ ಹುಟ್ಟುವ ಮೊದಲೂ ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದ ಸುತ್ತ ಉಳುವವರಿದ್ದರು. ಗಣಿ ಮುಚ್ಚಿದ ಮೇಲೂ ಇದ್ದಾರೆ. ಅವರ ಚರಿತ್ರೆಯನ್ನು ಯಾರೂ ಪುಸ್ತಕ ಮಾಡಿ ಕೊಡುವುದಿಲ್ಲ, ಮನೆಯವರೇ ಹುಡುಕಬೇಕು. ಹುಡುಕುವುದು ಹೇಗೆ ಎಂಬುದೇ ಈ ದಿನದ ನನ್ನ ಮಾತು.

ಮೊದಲು ಈ ನೆಲದ ಸ್ವಭಾವ ತಿಳಿಯಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆ ಬಂದರೆ ಮಾತ್ರ ಹೊಳೆ. ಆದ್ದರಿಂದ ಇಲ್ಲಿ ಕೆರೆ ಕಟ್ಟಿದವನೇ ಮೊದಲ ರೈತ. ಕೆರೆ ಕಟ್ಟಿದವರಿಗೆ, ಒಡೆದ ಕೆರೆ ದುರಸ್ತಿ ಮಾಡಿದವರಿಗೆ ಅದರ ಕೆಳಗೆ ಜಮೀನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ಕಟ್ಟುಕೊಡಗಿ ಎಂದು ಹೆಸರು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ನಿಮ್ಮ ಊರಿನ ಹೆಸರು ಇದೆಯೇ ಎಂದು ಒಮ್ಮೆ ನೋಡಿ.

ಶಾಸನದಲ್ಲಿ ಊರು ಸಿಗುತ್ತದೆ. ಮನೆತನ ಸಿಗುವುದು ಕಂದಾಯದ ಕಡತದಲ್ಲಿ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆಗ ಕಮಿಷನರ್ ಆಗಿದ್ದವರು ಲೆವಿನ್ ಬೌರಿಂಗ್. ಅವರ ಹೆಸರಿನಿಂದಲೇ ನಮ್ಮ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆ ಆಗಿತ್ತು. ಹಳೆಯ ಕಾಗದದಲ್ಲಿ ಆ ಹೆಸರು ಕಂಡರೆ ಬೇರೆ ಊರೆಂದು ಬದಿಗಿಡಬೇಡಿ. ಹಾಗೆಯೇ ಈಗ ಕೆ.ಜಿ.ಎಫ್. ತಾಲ್ಲೂಕಿಗೆ ಸೇರಿರುವ ಬೇತಮಂಗಲದ ಕಡೆಯ ಹಳ್ಳಿಗಳ ಹಳೆಯ ಕಾಗದಗಳಲ್ಲಿ ಬಂಗಾರಪೇಟೆ ತಾಲ್ಲೂಕು ಎಂದೇ ಇರುತ್ತದೆ.

ಹುಡುಕಾಟ ಇಂದಿನಿಂದ ಹಿಂದಕ್ಕೆ ಹೋಗಬೇಕು. ಮೊದಲು ಇಂದಿನ ಪಹಣಿ ತೆಗೆಸಿ. ಅದರ 9ನೇ ಕಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಹಕ್ಕು ಹೇಗೆ ಬಂತು ಎಂಬ ವಿವರ, 12ರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ ಇರುತ್ತದೆ. 10ನೇ ಕಲಂನಲ್ಲಿರುವ ಮ್ಯುಟೇಷನ್ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಬರುವುದಕ್ಕೆ ಮುಂಚಿನ ಕೈಬರಹದ ಪಹಣಿ, ಅದಕ್ಕೂ ಹಿಂದಿನ ಹಕ್ಕು ದಾಖಲೆ, ಸರ್ವೆಯ ಟಿಪ್ಪಣಿ, ಆಕಾರ್‌ಬಂದ್, ಹೀಗೆ ಒಂದೊಂದೇ ಮೆಟ್ಟಿಲು.

ನಿಮ್ಮ ಹಿರಿಯರು ಗೇಣಿದಾರರಾಗಿದ್ದರೆ ಇನ್ನೊಂದು ಬಾಗಿಲಿದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಆ ಕಡತ ಸಿಕ್ಕರೆ ಎಷ್ಟು ವರ್ಷದಿಂದ ಉಳುತ್ತಿದ್ದರು, ಗೇಣಿ ಎಷ್ಟು ಕೊಟ್ಟರು, ಪಕ್ಕದ ಹೊಲದವರು ಏನು ಸಾಕ್ಷಿ ಹೇಳಿದರು ಎಂಬುದು ತಿಳಿಯಬಹುದು. ಇನಾಮು ಜಮೀನಾಗಿದ್ದರೆ 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯಿದೆಗಳ ಕಾಲದ ಆದೇಶಗಳನ್ನು ಕೇಳಿ. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ.

ಈ ಕಾಗದಗಳನ್ನು ಓದಲು ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಉರ್ದು ಬಲ್ಲವರಿಗೆ ಕಂದಾಯದ ಕನ್ನಡ ಅರ್ಧ ಆಗಲೇ ಬಂದಂತೆ. ತರಿ ಎಂದರೆ ತೇವ, ನೀರಾವರಿಯ ನೆಲ. ಖುಷ್ಕಿ ಎಂದರೆ ಒಣ ನೆಲ. ಬಾಗಾಯ್ತು ಎಂದರೆ ತೋಟ. ಹಿಸ್ಸಾ ಎಂದರೆ ಪಾಲು. ಬಗರ್ ಹುಕುಂ ಎಂದರೆ ಅಪ್ಪಣೆಯಿಲ್ಲದ ಸಾಗುವಳಿ. ಪೌತಿ ಖಾತೆಯ ಪೌತಿ ನಮ್ಮ 'ಫೌತ್', ಅಂದರೆ ಮರಣ. ಬಿಜಾಪುರದವರ, ಸಿರಾ ಸುಬೇದಾರರ, ಹೈದರ್ ಮತ್ತು ಟಿಪ್ಪುವಿನ ಆಡಳಿತದ ಕಾಲದಿಂದ ಬಂದ ಈ ಮಾತುಗಳನ್ನು ಇಂದು ಎಲ್ಲ ಜಾತಿಯ ರೈತರೂ ಮನೆಮಾತಿನಂತೆ ಆಡುತ್ತಾರೆ. ಉರ್ದು ಬೇರೆ, ಕನ್ನಡ ಬೇರೆ ಎನ್ನುವವರಿಗೆ ಒಂದು ಪಹಣಿ ತೋರಿಸಿದರೆ ಸಾಕು.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಶ್ಯಾನುಭೋಗರು ಕಿವಿಗೆ ಬಿದ್ದಂತೆ ಬರೆದರು. ಶೇಖ್ ಎಂಬುದು ಷೇಕ್ ಆಗಿದೆ, ಮೊಹಮ್ಮದ್ ಎಂಬುದು ಮಹಮದ್ ಆಗಿದೆ, ಸಾಹೇಬ್ ಎಂಬುದು ಸಾಬಿ ಆಗಿದೆ. ಹೆಸರೊಂದನ್ನೇ ನಂಬದೆ ತಂದೆಯ ಹೆಸರು, ಸರ್ವೆ ನಂಬರ್, ಚಕ್ಕುಬಂದಿ ಮೂರನ್ನೂ ಹೊಂದಿಸಿ ನೋಡಿ. ಮಸೀದಿಯ ನಿಕಾಹ್ ರಿಜಿಸ್ಟರ್, ಖಬರಸ್ತಾನದ ಕಲ್ಲು, ಶಾಲೆಯ ದಾಖಲಾತಿ ಪುಸ್ತಕ, ಗಣಿಯಲ್ಲಿ ದುಡಿದವರ ಸೇವಾ ಕಾಗದ, ಇವೂ ಸಾಕ್ಷಿಗಳೇ.

ಈಗ ಹಿರಿಯರಲ್ಲಿ ಒಂದು ಮಾತು. ಈ ಕಾಗದಗಳಲ್ಲಿ ಅಜ್ಜ, ಮಗ, ಮೊಮ್ಮಗ ಸಾಲಾಗಿ ಸಿಗುತ್ತಾರೆ. ಅಜ್ಜಿ ಎಲ್ಲಿ? ಅತ್ತೆ ಎಲ್ಲಿ? ಕಳೆ ಕಿತ್ತವರು, ನಾಟಿ ಹಾಕಿದವರು, ಬರಗಾಲದಲ್ಲಿ ಒಡವೆ ಅಡವಿಟ್ಟು ಬಿತ್ತನೆ ಬೀಜ ತರಿಸಿದವರು ಪಹಣಿಯಲ್ಲಿ ಅಪರೂಪ. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಗಂಡುಮಕ್ಕಳ ಹೆಸರು ಮಾತ್ರ ಹೇಳಿ ಬರುವ ಮನೆಗಳು ಇಂದಿಗೂ ಇವೆ. ಸೂರಾ ನಿಸಾದಲ್ಲಿ ಹೆಣ್ಣುಮಕ್ಕಳ ಪಾಲು ಸ್ಪಷ್ಟವಾಗಿದೆ. ಅದನ್ನು ಓದುವ ನಾವೇ ಕಚೇರಿಯಲ್ಲಿ ಮಗಳ ಹೆಸರು ಬಿಟ್ಟರೆ ಅವಳ ಹಕ್ಕೂ ಹೋಯಿತು, ಮನೆತನದ ಚರಿತ್ರೆಯೂ ಅರ್ಧವಾಯಿತು. ಮುಂದಿನ ವಂಶವೃಕ್ಷದಲ್ಲಾದರೂ ಎಲ್ಲರ ಹೆಸರೂ ಇರಲಿ.

ಹಳೆಯ ಕಾಗದ ಕಾಯುವುದಿಲ್ಲ. ಗೆದ್ದಲು ತಿನ್ನುತ್ತದೆ, ಮಳೆಗೆ ನೆನೆಯುತ್ತದೆ. ಉರ್ದುವಿನಲ್ಲಿ ಬರೆದ ಪತ್ರ ಓದಲು ಬಾರದೆ ರದ್ದಿಗೆ ಹೋಗುತ್ತದೆ. ಅದನ್ನು ಕಂಡು ವಿವರಿಸಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ಸರ್ಕಾರ ಕೈಗೊಂಡಿದೆ. ಮನೆಯ ಪೆಟ್ಟಿಗೆಯನ್ನು ನಾವೇ ನೋಡಿಕೊಳ್ಳಬೇಕು. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಮೂರು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೂರಿಸಿ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಪೆಟ್ಟಿಗೆಯ ಕಾಗದಗಳ ಫೋಟೋ ತೆಗೆದಿಡಿ, ಅಸಲನ್ನು ಯಾರ ಕೈಗೂ ಕೊಡಬೇಡಿ. ಒಂದು ಸರ್ವೆ ನಂಬರ್ ಹಿಡಿದು ಎಷ್ಟು ತಲೆಮಾರು ಹಿಂದಕ್ಕೆ ಹೋಗುತ್ತದೆ ನೋಡಿ.

"ನೀವು ಎಲ್ಲಿಂದ ಬಂದವರು?" ಎಂದು ಯಾರಾದರೂ ಕೇಳಿದಾಗ ಕೋಪ ಮಾಡಿಕೊಳ್ಳುವ ಅಗತ್ಯವಿಲ್ಲ. ಊರು, ಕೆರೆ, ಸರ್ವೆ ನಂಬರ್ ಹೇಳುವಷ್ಟು ತಿಳಿವಳಿಕೆ ಇದ್ದರೆ ಸಾಕು.