ದೇಶಪ್ರೇಮ: ತೋರಿಕೆಯೋ, ಇಖ್ಲಾಸೋ?

(2025ರ ಆಗಸ್ಟ್ 15ರ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಈ ಸಲ ಸ್ವಾತಂತ್ರ್ಯ ದಿನ ಶುಕ್ರವಾರವೇ ಬಂದಿದೆ. 1947ರ ಆಗಸ್ಟ್ 15 ಕೂಡ ಶುಕ್ರವಾರವೇ ಆಗಿತ್ತು, ಅದೂ ರಮಝಾನ್ ತಿಂಗಳ ಕೊನೆಯ ಜುಮಾ. ನಮ್ಮ ಹಿರಿಯರು ಉಪವಾಸದ ಬಾಯಲ್ಲೇ ಸ್ವಾತಂತ್ರ್ಯದ ಸುದ್ದಿ ಕೇಳಿದರು. ಈ ದೇಶದಲ್ಲೇ ಉಳಿಯುತ್ತೇವೆಂದು ನಿರ್ಧರಿಸಿದವರು ಅಂದು ಯಾರಿಗೂ ಫೋಟೋ ಕಳುಹಿಸಲಿಲ್ಲ. ಉಳಿದರು, ದುಡಿದರು, ಇಲ್ಲಿಯ ಮಣ್ಣಲ್ಲೇ ದಫನವಾದರು.

ಇಂದು ಬೆಳಿಗ್ಗೆ ಮದ್ರಸಗಳ ಅಂಗಳಗಳಲ್ಲಿ ಧ್ವಜ ಹಾರಿತು. ಮಕ್ಕಳು ಸಿಹಿ ತಿಂದರು. ಒಳ್ಳೆಯ ಕೆಲಸ. ಆದರೆ ನಮ್ಮ ಯುವಕರು ಆಗಾಗ ಒಂದು ಮಾತು ಹೇಳುತ್ತಾರೆ: "ನಾವು ಧ್ವಜ ಹಾರಿಸಿದರೆ ತೋರಿಕೆ ಅನ್ನುತ್ತಾರೆ, ಹಾರಿಸದಿದ್ದರೆ ದ್ರೋಹ ಅನ್ನುತ್ತಾರೆ. ಏನು ಮಾಡೋಣ?" ಈ ನೋವು ಸುಳ್ಳಲ್ಲ. ಆದ್ದರಿಂದ ದೇಶಪ್ರೇಮದಲ್ಲಿ ಯಾವುದು ಪ್ರಾಮಾಣಿಕ, ಯಾವುದು ತೋರಿಕೆ ಎಂಬುದನ್ನು ದೀನ್‌ನ ಬೆಳಕಿನಲ್ಲಿ ನೋಡೋಣ.

ಮೊದಲನೆಯದು, ಇನ್ನೊಬ್ಬರ ಎದೆಯನ್ನು ಸೀಳಿ ನೋಡುವ ಅಧಿಕಾರ ಯಾರಿಗೂ ಇಲ್ಲ. ಒಂದು ಯುದ್ಧದಲ್ಲಿ ಎದುರಾಳಿಯೊಬ್ಬ ಕಲಿಮಾ ಹೇಳಿದ ಮೇಲೂ ಹಝ್ರತ್ ಉಸಾಮಾ(ರ) ಅವನನ್ನು ಕೊಂದರು. ಆಯುಧಕ್ಕೆ ಹೆದರಿ ಹೇಳಿದ ಎಂದು ಸಮಜಾಯಿಷಿ ಕೊಟ್ಟರು. ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದು, ನೀನು ಅವನ ಹೃದಯವನ್ನು ಸೀಳಿ ನೋಡಿದ್ದೆಯಾ ಎಂದು ಮತ್ತೆ ಮತ್ತೆ ಕೇಳಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮ ದೇಶಪ್ರೇಮವನ್ನು ಅಳೆಯಲು ಬರುವವರಿಗೆ ಈ ಪ್ರಶ್ನೆ ಅನ್ವಯಿಸುತ್ತದೆ. ನಮಗೂ ಅಷ್ಟೇ ಅನ್ವಯಿಸುತ್ತದೆ. ಪಕ್ಕದ ಮನೆಯವರು ಬಾಲ್ಕನಿಯಲ್ಲಿ ಧ್ವಜ ಕಟ್ಟಿದರೆ, ಆಟೋದವರು ಗಾಜಿಗೆ ತ್ರಿವರ್ಣದ ಸ್ಟಿಕ್ಕರ್ ಅಂಟಿಸಿದರೆ, "ಎಲ್ಲ ನಾಟಕ" ಎಂದು ನಗಾಡಬೇಡಿ. ಅವರ ಎದೆಯಲ್ಲಿ ಏನಿದೆಯೆಂಬುದು ಅಲ್ಲಾಹನಿಗೆ ಗೊತ್ತು.

ಎರಡನೆಯದು, ಸೀಳಿ ನೋಡಬೇಕಾದ ಒಂದು ಎದೆ ಇದೆ. ಅದು ನಮ್ಮದೇ. ಅಂತ್ಯದಿನ ಮೊದಲು ವಿಚಾರಣೆಗೆ ನಿಲ್ಲುವ ಮೂವರ ಬಗ್ಗೆ ಹದೀಸ್ ನಿಮಗೆ ಗೊತ್ತಿದೆ. ಒಬ್ಬ ವಿದ್ವಾಂಸ, ಒಬ್ಬ ದಾನಿ, ಇನ್ನೊಬ್ಬ ರಣರಂಗದಲ್ಲಿ ಪ್ರಾಣ ಕೊಟ್ಟವನು. ಶೂರನೆನಿಸಿಕೊಳ್ಳಲು ಹೋರಾಡಿದೆ, ಜನ ಹಾಗೆಂದೂ ಆಯಿತು ಎಂದು ಅವನಿಗೆ ಹೇಳಲಾಗುತ್ತದೆ. ಪ್ರಾಣವನ್ನೇ ಕೊಟ್ಟವನ ನಿಯ್ಯತ್ತು ಕೆಟ್ಟರೆ ಈ ಗತಿಯಾದರೆ, ಹತ್ತು ರೂಪಾಯಿಯ ಧ್ವಜ ಹಿಡಿದು ಸೆಲ್ಫಿ ತೆಗೆದುಕೊಂಡ ನಮ್ಮ ಲೆಕ್ಕ ಏನು?

ಹಾಗಾದರೆ ತೋರಿಕೆಯ ಭಯದಿಂದ ಧ್ವಜ ಹಾರಿಸುವುದನ್ನೇ ಬಿಡಬೇಕೇ? ಬೇಡ. ಜನರಿಗಾಗಿ ಒಳ್ಳೆಯ ಕೆಲಸ ಬಿಡುವುದೂ ರಿಯಾ ಎಂದು ಫುದೈಲ್ ಬಿನ್ ಇಯಾಝ್(ರ) ಎಚ್ಚರಿಸಿದ್ದಾರೆ. ಮಾಡುವಾಗಲೂ ಜನರ ಕಣ್ಣು, ಬಿಡುವಾಗಲೂ ಜನರ ಕಣ್ಣು ಎಂದಾದರೆ ಎರಡೂ ಒಂದೇ. ಬಹಿರಂಗವಾಗಿ ಕೊಟ್ಟ ದಾನವೂ ಒಳ್ಳೆಯದು, ಗುಟ್ಟಾಗಿ ಕೊಟ್ಟದ್ದು ಇನ್ನೂ ಉತ್ತಮ ಎಂದು ಸೂರಃ ಅಲ್ ಬಕರ ಕಲಿಸುತ್ತದೆ. ಯುವಕರ ಪ್ರಶ್ನೆಗೆ ಉತ್ತರ ಇದೇ: ಧ್ವಜ ಹಾರಿಸಿ, ಯಾರೋ ಏನೋ ಅನ್ನುತ್ತಾರೆಂದಲ್ಲ, ಈ ನೆಲ ನಿಮ್ಮದು ಎಂಬುದಕ್ಕಾಗಿ.

ನೆಲದ ಪ್ರೀತಿ ಸಹಜವಾದದ್ದು. ಮಕ್ಕಾದಿಂದ ಹೊರಡುವಾಗ ಪ್ರವಾದಿವರ್ಯರು(ಸ) ಆ ಊರನ್ನು ನೋಡಿ, ನನ್ನ ಜನ ನನ್ನನ್ನು ಹೊರಹಾಕದಿದ್ದರೆ ನಾನು ಬಿಟ್ಟು ಹೋಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಮದೀನಾಕ್ಕೆ ಬಂದ ಮೇಲೆ ಆ ಊರನ್ನೂ ಅಷ್ಟೇ ಪ್ರಿಯವಾಗಿಸು ಎಂದು ದುಆ ಮಾಡಿದರು. ಇಲ್ಲಿ ಒಂದು ಎಚ್ಚರ. ದೇಶಪ್ರೇಮ ಈಮಾನಿನ ಭಾಗ ಎಂಬ ವಾಕ್ಯವನ್ನು ಹದೀಸ್ ಎಂದು ಪ್ರತಿ ಆಗಸ್ಟ್‌ನಲ್ಲೂ ವಾಟ್ಸಾಪ್‌ನಲ್ಲಿ ಹಂಚುತ್ತೇವೆ. ಅದು ಪ್ರವಾದಿವಚನವೆಂದು ಸಾಬೀತಾಗಿಲ್ಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ. ದೇಶಪ್ರೇಮ ತೋರಿಸಲೆಂದು ಪ್ರವಾದಿ(ಸ)ಯವರು ಹೇಳದ್ದನ್ನು ಅವರ ಹೆಸರಿನಲ್ಲಿ ಹೇಳುವುದೂ ತೋರಿಕೆಯ ಕೆಡುಕೇ. ಮಕ್ಕಾ ಬಿಟ್ಟ ಆ ಘಟನೆಯೇ ನಮಗೆ ಸಾಕು.

ಸಹೋದರರೇ, ಈಗ ನಮ್ಮ ಊರಿನ ಮಾತಿಗೆ ಬರೋಣ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ನಡೆಯುತ್ತಿದೆ. ಈ ವರ್ಷ ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ಅದಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರವರೆಗೆ, ಅಂದರೆ 26 ದಿನ, ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನು ಬಿಬಿಎಂಪಿ ನಿಷೇಧಿಸಿತು. 2023ರಲ್ಲಿ ಈ ವ್ಯಾಪ್ತಿ 10 ಕಿಲೋಮೀಟರ್ ಇತ್ತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಸೇರುತ್ತವೆ. ಒಂದು ಹದ್ದು ಇಂಜಿನ್‌ಗೆ ಸಿಕ್ಕಿದರೂ ವಿಮಾನಕ್ಕೂ ಪೈಲಟ್‌ನ ಜೀವಕ್ಕೂ ಅಪಾಯ. ಕಾರಣ ನಿಜವಾದದ್ದೇ.

ಆ 26 ದಿನ ಅಂಗಡಿಯ ಶಟರ್ ಎಳೆದವರಲ್ಲಿ ನಮ್ಮವರೂ ಇದ್ದಾರೆ. ಅಂಗಡಿ ಮಾಲೀಕನಿಗಾದರೂ ಅಷ್ಟಿಷ್ಟು ಉಳಿತಾಯ ಇರುತ್ತದೆ. ಕತ್ತಿ ಹಿಡಿದು ದಿನಗೂಲಿಗೆ ನಿಲ್ಲುವ ಹುಡುಗನಿಗೆ ಏನಿದೆ? ಆಕಾಶದಲ್ಲಿ ವಿಮಾನ ಹಾರಿದಾಗ ಚಪ್ಪಾಳೆ ತಟ್ಟಿದವರು ಟಿವಿಯಲ್ಲಿ ಕಂಡರು. ಇವರು ಕಾಣಲಿಲ್ಲ. ಪೈಲಟ್‌ನ ಜೀವ ಉಳಿಯಲಿ ಎಂಬ ನಿಯ್ಯತ್ತಿನಿಂದ ಯಾರು ಆ ನಷ್ಟ ಸಹಿಸಿದರೋ ಅವರ ಕೂಲಿ ಅಲ್ಲಾಹನ ಬಳಿ ಬರೆಯಲ್ಪಟ್ಟಿದೆ, ಇನ್‌ಶಾ ಅಲ್ಲಾಹ್. ಆ ದಿನಗಳ ಕೂಲಿಗೆ ಪರಿಹಾರ ಕೊಡಿ ಎಂದು ಸರಕಾರಕ್ಕೆ ಮನವಿ ಸಲ್ಲಿಸುವುದು ದೇಶದ್ರೋಹವಲ್ಲ. ಸೂರಃ ಅನ್ನಿಸಾ ನಮಗೆ ವಿಧಿಸಿರುವ ನ್ಯಾಯದ ಭಾಗ ಅದು.

ಆದರೆ ಅದೇ ಸೂರಃ ನಮ್ಮ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ ಎನ್ನುತ್ತದೆ. ಆದ್ದರಿಂದ ಇದನ್ನೂ ಹೇಳಬೇಕು. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್‌ನೊಳಗೆ ಬಯಲಲ್ಲಿ ಪ್ರಾಣಿ ಕಡಿಯುವುದು, ಕಸ ಎಸೆಯುವುದು ಪಕ್ಷಿಗಳನ್ನು ಕರೆಯುತ್ತದೆಂದೇ 1937ರ ವಿಮಾನ ನಿಯಮಗಳ 91ನೇ ನಿಯಮ ಅದನ್ನು ತಡೆದಿದೆ. ಅದು ಏರೋ ಇಂಡಿಯಾದ ದಿನಗಳಿಗಷ್ಟೇ ಇರುವ ಮಾತಲ್ಲ. ಪ್ರದರ್ಶನ ಮುಗಿದ ಮೇಲೂ ನಮ್ಮ ಪೈಲಟ್‌ಗಳು ಅದೇ ಆಕಾಶದಲ್ಲಿ ತರಬೇತಿ ಪಡೆಯುತ್ತಾರೆ. ಆಗ ನಮ್ಮ ಅಂಗಡಿಯ ಕೋಳಿಗರಿ, ಕರುಳು ಎಲ್ಲಿಗೆ ಹೋಗುತ್ತದೆ? ಬಕ್ರೀದ್ ಸಂಜೆ ಕತ್ತಲಾದ ಮೇಲೆ ಖಾಲಿ ಸೈಟಿಗೆ, ಕೆರೆ ಅಂಚಿಗೆ, ರಾಜಕಾಲುವೆಗೆ ಚೀಲ ಎಸೆದು ಬರುವವರು ಯಾರು? ಮದುವೆ ಹಾಲ್‌ನ ಅನ್ನ, ಹೋಟೆಲಿನ ಕಸ ಎಸೆಯುವವರು ಎಲ್ಲ ಸಮುದಾಯದಲ್ಲೂ ಇದ್ದಾರೆ. ಆದರೆ ಇಲ್ಲಿ ಕುಳಿತವರು ನಾವು, ಆದ್ದರಿಂದ ನಮ್ಮ ಮಾತು. ಬೆಳಿಗ್ಗೆ ಧ್ವಜಕ್ಕೆ ವಂದನೆ, ರಾತ್ರಿ ಕೆರೆಗೆ ಚೀಲ. ತೋರಿಕೆ ಎಂದರೆ ಇದೇ.

ಸೂರಃ ಅಲ್ ಮಾಊನ್ ಗಮನಿಸಿ. ತೋರಿಕೆಗೆ ನಮಾಝ್ ಮಾಡುವವರನ್ನು ಎಚ್ಚರಿಸಿದ ಕೂಡಲೇ ಅಲ್ಲಾಹನು ಅವರ ಇನ್ನೊಂದು ಗುರುತನ್ನು ಹೇಳುತ್ತಾನೆ. ನೆರೆಹೊರೆಗೆ ಬೇಕಾದ ಚಿಕ್ಕಪುಟ್ಟ ನೆರವನ್ನೂ ಅವರು ಕೊಡರು. ತೋರಿಕೆಯನ್ನು ಗುರುತಿಸುವುದು ದೊಡ್ಡ ದಿನಗಳಲ್ಲಲ್ಲ, ಸಣ್ಣ ಕೆಲಸಗಳಲ್ಲಿ. ಹೆಬ್ಬಾಳ ಫ್ಲೈಓವರ್‌ನಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಟ್ಟೆವೇ? ಆರ್.ಟಿ. ನಗರದಲ್ಲಿ, ಯಶವಂತಪುರದಲ್ಲಿ ಜುಮಾಕ್ಕೆ ಬಂದಾಗ ಯಾರದೋ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದೆವೇ? ದಾರಿಯಿಂದ ತೊಂದರೆಯನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಕಲಿತವರೇ ದಾರಿಗೆ ತೊಂದರೆಯಾದರೆ ಹೇಗೆ? ಬಿಲ್ ಕೊಡದೆ ವ್ಯಾಪಾರ, ಮೀಟರ್ ತಪ್ಪಿಸಿ ವಿದ್ಯುತ್, ಕಟ್ಟದ ಆಸ್ತಿ ತೆರಿಗೆ, ಇವೆಲ್ಲ ನೆರೆಯವರ ಹಕ್ಕಿಗೆ ಕೈ ಹಾಕಿದಂತೆ. ಯಾರೂ ನೋಡುವುದಿಲ್ಲ, ಅಲ್ಲಾಹನು ನೋಡುತ್ತಾನೆ.

ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹೆಸರಿನ ರಸ್ತೆಯಲ್ಲಿ ನಾವು ಓಡಾಡುತ್ತೇವೆ. 2008ರ ನವೆಂಬರ್‌ನಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಜನರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟವರು ಅವರು. ಆ ದಾಳಿ ಮಾಡಿ ಸತ್ತವರನ್ನು ತಮ್ಮ ಖಬರಸ್ತಾನದಲ್ಲಿ ಹೂಳಲು ಮುಂಬೈಯ ಮುಸ್ಲಿಮರು ಜಾಗ ಕೊಡಲಿಲ್ಲ. 1965ರ ಯುದ್ಧದಲ್ಲಿ ಹುತಾತ್ಮರಾಗಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ದರ್ಜಿಯ ಮಗ. ಇವರನ್ನು ಮಕ್ಕಳಿಗೆ ಪರಿಚಯಿಸಿ. ಆದರೆ ಅಬ್ದುಲ್ ಹಮೀದರ ತ್ಯಾಗವನ್ನು ನಮ್ಮ ಪ್ರಮಾಣಪತ್ರದಂತೆ ಎಲ್ಲರ ಮುಂದೆ ಹಿಡಿಯಬೇಡಿ. ಅದು ಅವರ ಅಮಲು. ನಮ್ಮ ಅಮಲು ಎಲ್ಲಿದೆ ಎಂಬುದು ನಮಗಿರುವ ಪ್ರಶ್ನೆ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಸಂಜೆಯಾದಾಗ ರಸ್ತೆಯಲ್ಲಿ ಧ್ವಜಗಳು ಬಿದ್ದಿರುತ್ತವೆ. ಕಾಗದದ ಧ್ವಜವನ್ನು ನೆಲಕ್ಕೆ ಎಸೆಯಬಾರದು, ಹರಿದದ್ದನ್ನು ಗೌರವದಿಂದ, ಖಾಸಗಿಯಾಗಿ ವಿಲೇವಾರಿ ಮಾಡಬೇಕು ಎಂದು ಧ್ವಜ ಸಂಹಿತೆ ಹೇಳುತ್ತದೆ. ನಾಳೆ ಫಜ್ರ್ ನಮಾಝ್ ಮುಗಿಸಿ ಹೋಗುವಾಗ ದಾರಿಯಲ್ಲಿ ಬಿದ್ದಿರುವುದನ್ನು ಎತ್ತಿಕೊಳ್ಳಿ. ಮಗನನ್ನೂ ಜೊತೆಗೆ ಕರೆದುಕೊಳ್ಳಿ. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಇರುವುದಿಲ್ಲ. ಮೊಬೈಲ್ ಮನೆಯಲ್ಲೇ ಇರಲಿ.

ಅಲ್ಲಾಹನೇ, ನಮ್ಮ ಅಮಲುಗಳನ್ನು ತೋರಿಕೆಯಿಂದ ಶುದ್ಧಗೊಳಿಸು. ಈ ದೇಶಕ್ಕೆ ಶಾಂತಿ ನೀಡು, ಇಲ್ಲಿನ ಎಲ್ಲ ಜನರ ನಡುವೆ ವಿಶ್ವಾಸ ಮೂಡಿಸು. ಈ ನಾಡಿಗೆ ನಮ್ಮಿಂದ ಒಳಿತಾಗುವಂತೆ ಮಾಡು. ಆಮೀನ್.