ರಜೆಯೂ ನಮ್ಮ ದುಡಿಮೆಯ ಉಳಿತಾಯವೇ
(ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣ)



ನಮ್ಮಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಬಹಳ ಮಂದಿ ಇದ್ದೇವೆ. ಮಗಳು, ಸೊಸೆಯಂದಿರೂ ಹೋಗ್ತಾರೆ. ಮಗುವಿಗೆ ಜ್ವರ, ಊರಲ್ಲಿ ಹಬ್ಬ ಅಂತ ನಾಲ್ಕು ದಿನ ಉಳಿದರೆ ಸಂಬಳ ಕಟ್ ಆಯ್ತು ಎಂದು ಸುಮ್ಮನಾಗುತ್ತೇವೆ. ಆ ಕೊರತೆ ತುಂಬಲು ಸಂಘದಲ್ಲಿ ಸಾಲ ಕೇಳುತ್ತೇವೆ. ಆದರೆ ಆ ನಾಲ್ಕು ದಿನದ ಸಂಬಳವನ್ನು ನಾವು ಮೊದಲೇ ದುಡಿದಿಟ್ಟಿರಬಹುದು. ಅದಕ್ಕೇ ಇ.ಎಲ್., ಅಂದರೆ ಸಂಬಳ ಸಹಿತ ಗಳಿಕೆ ರಜೆ ಅನ್ನೋದು.

ಲೆಕ್ಕ ಸುಲಭ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ರಜೆ. 200 ದಿನ ದುಡಿದರೆ 10 ದಿನ, 280 ದಿನ ದುಡಿದರೆ 14 ದಿನ. ವಾರವಾರ ಸಂಘದಲ್ಲಿ ಉಳಿತಾಯ ಕಟ್ಟಿದ ಹಾಗೆ ಇದೂ ಕೂಡುತ್ತಾ ಹೋಗುತ್ತದೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ ಈ ರಜೆ ಸಿಗಲು ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 180 ದಿನ ಸಾಕು. ಹೆರಿಗೆ ರಜೆಯ ದಿನಗಳೂ ಈ 180ರಲ್ಲಿ ಸೇರುತ್ತವೆ, ಆದರೆ ಆ ದಿನಗಳಿಗೆ ಹೊಸ ರಜೆ ಕೂಡುವುದಿಲ್ಲ. ವರ್ಷದ ಮಧ್ಯೆ ಸೇರಿದವರು ಉಳಿದ ದಿನಗಳ ಕಾಲು ಭಾಗ ದುಡಿದಿದ್ದರೆ ಸಾಕು. ಜುಲೈ 1ಕ್ಕೆ ಸೇರಿದವಳಿಗೆ ಅದು 46 ದಿನ.

ಇವನ್ನು ನೆನಪಿಡೋಣ:

1. ಭಾನುವಾರ, ಹಬ್ಬದ ರಜೆ ಬೇರೆ, ಇ.ಎಲ್. ಬೇರೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹಾಗೂ ಇನ್ನೈದು ಹಬ್ಬದ ದಿನಗಳಿಗೆ ಕರ್ನಾಟಕದಲ್ಲಿ 1963ರ ಕಾಯ್ದೆಯೇ ಇದೆ. ರಜೆಯ ನಡುವೆ ಭಾನುವಾರ ಬಂದರೆ ಅದನ್ನು ಇ.ಎಲ್.ನಲ್ಲಿ ಕಳೆಯುವ ಹಾಗಿಲ್ಲ.

2. ಉಳಿದ ರಜೆ ಮುಂದಿನ ವರ್ಷಕ್ಕೆ 30 ದಿನದವರೆಗೆ ಹೋಗುತ್ತದೆ. ವರ್ಷದ ಕೊನೆಗೆ ಕೇಳಿದರೆ ಹಣವಾಗಿಯೂ ಪಡೆಯಬಹುದು.

3. ರಜೆ ಕೇಳಿದರೂ ಕೊಡದಿದ್ದರೆ ಆ ದಿನಗಳು 30ರ ಮಿತಿಯಿಲ್ಲದೆ ಮುಂದಕ್ಕೆ ಹೋಗುತ್ತವೆ. ಆದರೆ ಕೇಳಿದ್ದಕ್ಕೆ ಗುರುತು ಬೇಕಲ್ವಾ? ಸೂಪರ್‌ವೈಸರ್ ಹತ್ತಿರ ಬಾಯಿಮಾತಲ್ಲಿ ಹೇಳಿದರೆ ಸಾಲದು. ಅರ್ಜಿ ಬರೆದು ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

4. ಕೆಲಸ ಬಿಟ್ಟರೂ, ಬಿಡಿಸಿದರೂ ಉಳಿದ ರಜೆಯ ಹಣವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಈ ನಾಲ್ಕನೆಯದೇ ಹೆಚ್ಚು ಕೈತಪ್ಪುವುದು. ಮದುವೆಯಾಯ್ತು, ಬಸುರಿಯಾದಳು, ಅತ್ತೆಗೆ ಹುಷಾರಿಲ್ಲ ಅಂತ ಹುಡುಗಿಯರು ಒಂದು ದಿನ ಕೆಲಸ ಬಿಟ್ಟುಬಿಡ್ತಾರೆ. ರಜೆಯ ಹಣ ಕೇಳುವುದೇ ಇಲ್ಲ. ಸಂಘ ಬಿಡುವಾಗ ನಮ್ಮ ಉಳಿತಾಯ ಬಿಟ್ಟು ಬರ್ತೀವಾ? ಪೈಸೆ ಪೈಸೆ ಲೆಕ್ಕ ಹಾಕಿಸ್ತೀವಿ. ಇದೂ ಹಾಗೇ ಕೇಳಬೇಕಾದ ಹಣ.

ಮನೆಗೆಲಸಕ್ಕೆ ಹೋಗುವ ಸಹೋದರಿಯರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಕೆಲಸಕ್ಕೆ ಸೇರುವಾಗಲೇ ವಾರದ ರಜೆ, ಹಬ್ಬದ ರಜೆ ಮಾತಾಡಿಕೊಳ್ಳಬೇಕು. ಒಂದೇ ಬೀದಿಗೆ ಹೋಗುವವರು ಒಟ್ಟಾಗಿ ಒಂದೇ ಮಾತು ಹೇಳಿದರೆ ಬಲ ಹೆಚ್ಚು.

ಮುಂದಿನ ಸಭೆಗೆ ಗಾರ್ಮೆಂಟ್ಸ್‌ನವರು ಸಂಬಳ ಚೀಟಿ ತನ್ನಿ. ಓದುಬರಹ ಬಲ್ಲವರು ಜೊತೆಗೆ ಕೂತು, ಎಷ್ಟು ದಿನ ದುಡಿದಿದ್ದೀರಿ, ಎಷ್ಟು ರಜೆ ಕೂಡಿದೆ ಎಂದು ಉಳಿತಾಯ ಪುಸ್ತಕದ ಹಾಗೆ ಬರೆದಿಡೋಣ. ಲೆಕ್ಕ ತಪ್ಪಿದ್ದರೆ ಮೊದಲು ಕಾರ್ಖಾನೆಯ ಎಚ್.ಆರ್. ಹತ್ತಿರ ಬರವಣಿಗೆಯಲ್ಲಿ ಕೇಳೋಣ. ಆಗದಿದ್ದರೆ ಒಬ್ಬಳನ್ನೇ ಕಳಿಸದೆ, ನಾಲ್ಕು ಜನ ಸೇರಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗೋಣ.