ಹೊಟ್ಟೆ ತಣ್ಣಗಿರಲಿ: ಮೈತ್ರಿ ಧ್ಯಾನಕ್ಕೆ 10 ನಿಮಿಷ

ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ರಾತ್ರಿ ನಿದ್ದೆ ಬರದೆ ಇಯರ್‌ಫೋನ್ ಹಾಕ್ಕೊಂಡಿದ್ದೀರೋ, ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಫೋನಿನಲ್ಲಿ ಬ್ಲಾಕ್ ಮಾಡಿದ ನಂಬರ್ ಒಂದಾದರೂ ಇದ್ಯಾ? ಬ್ಲಾಕ್ ಮಾಡಿ ತಿಂಗಳುಗಳೇ ಆಗಿರಬಹುದು. ಆದರೂ ಆ ವ್ಯಕ್ತಿ ದಿನಾ ತಲೆಯೊಳಗೆ ಬಂದು ಹೋಗ್ತಾನೇ ಇರ್ತಾರೆ. ಸ್ನಾನ ಮಾಡುವಾಗ ಅವರ ಜೊತೆ ಜಗಳ, ಮಲಗಿದಾಗ ಮತ್ತೆ ಅದೇ ಜಗಳ. ಆ ಸಿಟ್ಟಿನ ಜೊತೆ ಏನು ಮಾಡೋದು ಅನ್ನೋದೇ ಇವತ್ತಿನ ಮಾತು.

ಬೌದ್ಧ ಪರಂಪರೆಯಲ್ಲಿ ಮೆತ್ತಾ ಅನ್ನೋ ಧ್ಯಾನ ಇದೆ. ಮೆತ್ತಾ ಪಾಲಿ ಭಾಷೆಯ ಶಬ್ದ, ನಮಗೆ ಗೊತ್ತಿರೋ ಮೈತ್ರಿಯೇ ಅದು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಅಂತ ನಾಲ್ಕು ಭಾವಗಳನ್ನು ಬೆಳೆಸಿಕೊಳ್ಳಿ ಅಂತಾರೆ. ಪತಂಜಲಿಯ ಯೋಗಸೂತ್ರದಲ್ಲೂ ಇದೇ ನಾಲ್ಕು ಹೆಸರು ಬರುತ್ತವೆ. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದ ಬುದ್ಧಘೋಷ 'ವಿಸುದ್ಧಿಮಗ್ಗ' ಅನ್ನೋ ಗ್ರಂಥದಲ್ಲಿ ಈ ಧ್ಯಾನದ ಕ್ರಮವನ್ನು ವಿವರವಾಗಿ ಬರೆದಿದ್ದಾರೆ. ಬೆಂಗಳೂರಿಗೂ ಇದರ ನಂಟು ಇದೆ. 1956ರಲ್ಲಿ ಇಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿದ ಆಚಾರ್ಯ ಬುದ್ಧರಕ್ಖಿತರು ಮೆತ್ತಾ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ.

ಇದೇನೋ ದೊಡ್ಡ ವಿಷಯ ಅಂತ ಗಾಬರಿ ಬೇಡ. ನಮ್ಮ ಅಜ್ಜಿಯಂದಿರು ಹರಸುವಾಗ ಏನಂತಾರೆ? "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ." ಬೇರೆಯವರ ಏಳಿಗೆ ಕಂಡು ಆಗದಿದ್ದರೆ ಏನಂತೀವಿ? ಹೊಟ್ಟೆಕಿಚ್ಚು. ಕಿಚ್ಚು ಇರೋದು ನಮ್ಮ ಹೊಟ್ಟೆಯಲ್ಲಿ, ಸುಡೋದೂ ನಮ್ಮನ್ನೇ. ಬುದ್ಧಘೋಷ ಹೇಳೋದೂ ಇದನ್ನೇ. ಯಾರಿಗೋ ಎಸೆಯೋಕೆ ಅಂತ ಉರಿಯೋ ಕೆಂಡ ಕೈಗೆ ತಗೊಂಡರೆ ಮೊದಲು ಸುಡೋದು ಸ್ವಂತ ಕೈ.

ಸರಿ, ಮಾಡೋದು ಹೇಗೆ? ಗಾಡಿ ಓಡಿಸ್ತಾ ಕೇಳ್ತಿದ್ದರೆ ಈಗ ಬೇಡ, ಮನೆಗೆ ಹೋಗಿ ಮಾಡಿ. ಕುರ್ಚಿಯಾದರೂ ಸರಿ, ಹಾಸಿಗೆಯಾದರೂ ಸರಿ, ಆರಾಮಾಗಿ ಕೂತ್ಕೊಳ್ಳಿ. ಎರಡು ಮೂರು ಸಲ ನಿಧಾನವಾಗಿ ಉಸಿರಾಡಿ.

ಮೊದಲು ನಿಮಗೇ ಹೇಳಿಕೊಳ್ಳಿ: ನನಗೆ ಒಳ್ಳೇದಾಗಲಿ. ನನಗೆ ನೆಮ್ಮದಿ ಸಿಗಲಿ. ನನಗೆ ಯಾವ ಭಯವೂ ಇಲ್ಲದಿರಲಿ. ಇದು ಸ್ವಾರ್ಥ ಅನ್ನಿಸಬಹುದು. ಅಲ್ಲ. ನನಗೆ ಸುಖ ಬೇಕು ಅನ್ನೋದು ನನಗೆ ಚೆನ್ನಾಗಿ ಗೊತ್ತು, ಎದುರಿಗಿರೋರಿಗೂ ಹಾಗೇ ಬೇಕಲ್ವಾ ಅಂತ ಅರ್ಥ ಆಗೋಕೆ ಇಲ್ಲಿಂದ ಶುರು.

ಎರಡನೆಯದು, ನಿಮಗೆ ಒಳ್ಳೇದು ಮಾಡಿದ ಒಬ್ಬರು. ಶಾಲೆಯ ಮೇಷ್ಟ್ರಿರಬಹುದು, ಸೋದರತ್ತೆ ಇರಬಹುದು. ಪ್ರೀತಿಸೋ ಹುಡುಗ, ಹುಡುಗಿ ಈಗಲೇ ಬೇಡ. ಅಲ್ಲಿ 'ನನ್ನವರು' ಅನ್ನೋ ಹಟ ಬೇಗ ನುಗ್ಗುತ್ತೆ. ಮೈತ್ರಿಯ ವೇಷ ಹಾಕ್ಕೊಂಡು ಬರೋ ಹತ್ತಿರದ ಶತ್ರುವೇ ಈ ಮೋಹ ಅಂತ ಹಳಬರು ಎಚ್ಚರಿಸಿದ್ದಾರೆ.

ಮೂರನೆಯದು, ದಿನಾ ನೋಡ್ತೀರಿ, ಹೆಸರು ಗೊತ್ತಿಲ್ಲ. ಬಸ್ ಕಂಡಕ್ಟರ್, ಅಪಾರ್ಟ್‌ಮೆಂಟಿನ ವಾಚ್‌ಮನ್, ಮಳೆಯಲ್ಲಿ ನೆನೆದು ಬಂದು ಊಟದ ಪಾರ್ಸೆಲ್ ಕೊಟ್ಟು ಹೋದ ಹುಡುಗ. ನಿಮಗೆ ಒಳ್ಳೇದಾಗಲಿ, ಕ್ಷೇಮವಾಗಿ ಮನೆ ಸೇರಿ ಅಂತ ಮನಸ್ಸಲ್ಲೇ ಹೇಳಿ.

ಕೊನೆಗೆ ಆ ಬ್ಲಾಕ್ ಆದ ನಂಬರ್. ಮೊದಲ ದಿನವೇ ಇಲ್ಲಿಗೆ ಬರಬೇಡಿ. ಮೊದಲ ಮೂರು ಹೆಜ್ಜೆ ಸಲೀಸಾದ ಮೇಲೆ ಬನ್ನಿ. ಆಗಲೂ ನಿಮಗೆ ಅತಿ ಹೆಚ್ಚು ನೋವು ಕೊಟ್ಟವರಿಂದ ಶುರು ಮಾಡಬೇಡಿ, ಸ್ವಲ್ಪ ಕಿರಿಕಿರಿ ಮಾಡಿದವರು ಸಾಕು. ಸಿಟ್ಟು ಉಕ್ಕಿ ಬಂತಾ? ಮತ್ತೆ ಎರಡನೆಯವರ ಹತ್ತಿರ ವಾಪಸ್ ಹೋಗಿ. ಅದು ಸೋಲಲ್ಲ, ಧ್ಯಾನದ ಕ್ರಮವೇ ಹಾಗೆ.

"ಅವರು ಮಾಡಿದ್ದಕ್ಕೆ ನಾನ್ಯಾಕೆ ಒಳ್ಳೇದು ಬಯಸಬೇಕು?" ನ್ಯಾಯವಾದ ಪ್ರಶ್ನೆ. ಮೈತ್ರಿ ಅಂದರೆ ಅವರು ಮಾಡಿದ್ದು ಸರಿ ಅಂತ ಒಪ್ಪೋದಲ್ಲ. ಅವರನ್ನು ಅನ್‌ಬ್ಲಾಕ್ ಮಾಡಬೇಕಾಗಿಲ್ಲ, ಮಾತಾಡಿಸಬೇಕಾಗಿಲ್ಲ. ಹೊಡೆಯೋರ, ಹೆದರಿಸೋರ ಜೊತೆ ಸಹಿಸಿಕೊಂಡು ಇರಿ ಅಂತ ಯಾರಾದರೂ ಧ್ಯಾನದ ಹೆಸರಲ್ಲಿ ಹೇಳಿದರೆ ಕೇಳಬೇಡಿ. ದೂರು ಕೊಡಬೇಕಾದಲ್ಲಿ ಕೊಡಿ, ದೂರ ಇರಬೇಕಾದಲ್ಲಿ ದೂರ ಇರಿ. ದ್ವೇಷ ಇಲ್ಲದೆಯೂ ಬಾಗಿಲು ಹಾಕಬಹುದು. ನಿಮ್ಮ ಕೈಯಲ್ಲಿರೋ ಕೆಂಡ ಕೆಳಗಿಡೋದು ಅಷ್ಟೇ ಇಲ್ಲಿರೋ ಕೆಲಸ.

ಇದರಿಂದ ನಿಜವಾಗಿ ಏನಾದರೂ ಆಗುತ್ತಾ? 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ತಂಡ ಕೆಲಸಕ್ಕೆ ಹೋಗೋ 139 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧ ಜನ ಈ ಧ್ಯಾನ ಕಲಿತರು. ವಾರಗಳು ಕಳೆದ ಹಾಗೆ ಅವರ ದಿನನಿತ್ಯದ ಸಂತೋಷ, ನೆಮ್ಮದಿಯಂಥ ಭಾವನೆಗಳು ಹೆಚ್ಚಿದವು. ಗಮನಿಸಿ, ಶುರುವಿನಲ್ಲೇ ದೊಡ್ಡ ಬದಲಾವಣೆ ಕಾಣಲಿಲ್ಲ. ಹಾಗಾಗಿ ಎರಡು ದಿನ ಮಾಡಿ ಏನೂ ಆಗಲಿಲ್ಲ ಅಂತ ಬಿಡಬೇಡಿ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ತಾ ಕೂತರೆ ಮೊಸರಾಗಲ್ಲ.

ಮನಸ್ಸಿಗೆ ಏನೂ ಅನ್ನಿಸದೆ ಬರೀ ಬಾಯಿಪಾಠ ಆಗ್ತಿದೆ ಅನ್ನಿಸಿದರೂ ಪರವಾಗಿಲ್ಲ, ಮುಂದುವರಿಸಿ. ಆದರೆ ಕಣ್ಣು ಮುಚ್ಚಿದ ಕೂಡಲೇ ಹಳೆಯ ನೋವು ತಡೆಯಲಾಗದಷ್ಟು ನುಗ್ಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಕಣ್ಣು ಬಿಡಿ, ನಂಬಿಕೆಯವರ ಹತ್ತಿರ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ರಾತ್ರಿ ರೀಲ್ಸ್ ನೋಡೋ ಸಮಯದಲ್ಲಿ 10 ನಿಮಿಷ ಇದಕ್ಕೆ ಕೊಡಿ. ನಿಮ್ಮಿಂದ ಶುರು ಮಾಡಿ, ಆ ವಾಚ್‌ಮನ್‌ವರೆಗೆ ತಲುಪಿದರೆ ಈ ವಾರಕ್ಕೆ ಸಾಕು. ನಾಳೆ ಗೇಟಿನ ಹತ್ತಿರ ಅವರು ಸಿಕ್ಕಾಗ ಹೆಸರು ಕೇಳಿ.

ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.